ಗೋವಿಂದಮ್ಮ ತೊಳೆದ ಬೇರು

ನಮ್ಮ ದೊಡ್ಡಮ್ಮ ಗೋವಿಂದಮ್ಮನ ಬಗ್ಗೆ ಹಲಸೂರಿನ ನೆಂಟರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅವಳು ಕಲ್ಲು. ಹೆತ್ತ ಮಗಳು ಹೋದಾಗ ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಅವಳೇ ಕಳಿಸಿದ ದಂಟಿನ ಸೊಪ್ಪಿನ ಹುಳಿಯನ್ನು ಹೊಗಳುತ್ತಲೇ ಹೇಳುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ನಾನು ಹುಟ್ಟಿದ್ದು ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ. ಆದರೂ ಬಾಯಿ ಹಾಕುತ್ತೇನೆ, ನಮ್ಮ ಮನೆಯಲ್ಲಿ ಅದೇ ವಾಡಿಕೆ. ನನಗೆ ಗೊತ್ತಿರುವುದರಲ್ಲಿ ಅರ್ಧ ನನ್ನ ಅಮ್ಮ ಆಂಜನಮ್ಮ, ಅಂದರೆ ಗೋವಿಂದಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ಹೇಳಿದ್ದು. ಇನ್ನರ್ಧ ದೊಡ್ಡಪ್ಪ ಮುನಿರಾಜಪ್ಪ ಮುದುಕನಾದ ಮೇಲೆ ಹೇಳಿದ್ದು. ದೊಡ್ಡಮ್ಮ ಮಾತ್ರ ಏನೂ ಹೇಳಲಿಲ್ಲ.

ಮಾರತ್ತಹಳ್ಳಿಯ ಹತ್ತಿರ ಕಲ್ಲುಕುಂಟೆ ಎಂದು ಒಂದು ಪುಟ್ಟ ಹಳ್ಳಿ ಇತ್ತು. ಇತ್ತು ಎಂದೇ ಹೇಳಬೇಕು. ಅಲ್ಲಿ ಮುನಿರಾಜಪ್ಪನಿಗೆ ಬಾವಿ ನೀರಿನ ತೋಟ, ತೋಟದ ಮೂಲೆಯಲ್ಲಿ ಅವನ ಅಪ್ಪ ನೆಟ್ಟ ಒಂದು ಹೇರಳೆ ಮರ. ಹೇರಳೆಯೆಂದರೆ ನಿಂಬೆಯ ದೊಡ್ಡಣ್ಣ. ಉಪ್ಪಿನಕಾಯಿಗೆ ಹಾಕಿದರೆ ದೇವರು, ಹಾಗೇ ಕಚ್ಚಿದರೆ ಯಮ. ಗೋವಿಂದಮ್ಮನ ಒಬ್ಬಳೇ ಮಗಳು ಆದಿಲಕ್ಷ್ಮಿ, ನಡೆಯಲು ಕಲಿತ ಹೊಸದರಲ್ಲಿ, ಯಾರೂ ನೋಡದಾಗ ಆ ಹಣ್ಣಿಗೆ ಬಾಯಿ ಹಾಕಿ, ಮುಖ ಕಿವುಚಿ, ಬೀಜವನ್ನೆಲ್ಲ ಬಚ್ಚಲ ನೀರು ಹರಿಯುವ ಕಡೆ ಉಗುಳಿದಳು. ಅದರಲ್ಲಿ ಒಂದು ಹುಟ್ಟಿತು. ಮಾತು ಬಂದ ಮೇಲೆ ಅವಳು ಮನೆಗೆ ಬಂದವರನ್ನೆಲ್ಲ ಕೈಹಿಡಿದು ಎಳೆದುಕೊಂಡು ಹೋಗಿ, "ಇದು ನಂದು, ನಾನೇ ಉಗುಳಿದ್ದು" ಎಂದು ತೋರಿಸುತ್ತಿದ್ದಳು. ಬಚ್ಚಲ ನೀರು ಕುಡಿದ ಗಿಡ ಮಗುವಿನ ಜೊತೆಜೊತೆಗೇ ಬೆಳೆಯಿತು.

ನಲವತ್ತೆರಡನೇ ಇಸವಿಯ ಬೇಸಿಗೆಯಲ್ಲಿ, ಯುದ್ಧದ ವಿಮಾನ ಇಳಿಯಲು ಜಾಗ ಬೇಕು, ಕಲ್ಲುಕುಂಟೆ ಖಾಲಿ ಮಾಡಬೇಕು ಎಂದು ಡಂಗುರ ಹೊಡೆದರು. ಬದಲಿಗೆ ಬೇರೆ ಕಡೆ ನೆಲ ಕೊಡುತ್ತೇವೆ ಎಂದರು. ಜನ ಬೈದರು, ಅತ್ತರು, ಮಾರಮ್ಮನಿಗೆ ಹರಕೆ ಹೊತ್ತರು, ಕೊನೆಗೆ ಗಂಟು ಕಟ್ಟತೊಡಗಿದರು. ಅದೇ ತಿಂಗಳು ಆದಿಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಗಾಡಿ ಕಟ್ಟಿಕೊಂಡು ದಂಡಿನ, ಅಂದರೆ ಕಂಟೋನ್ಮೆಂಟಿನ, ಆಸ್ಪತ್ರೆಗೆ ಹೋಗೋಣವೆಂದು ಮುನಿರಾಜಪ್ಪ ಎತ್ತು ಹೂಡುವಷ್ಟರಲ್ಲಿ ಮಗು ಹೋಗಿಬಿಟ್ಟಿತು. ಐದು ತುಂಬಿತ್ತು. ಹಳ್ಳಿಯ ಹಿಂದೆ ಮಕ್ಕಳನ್ನು ಮಣ್ಣು ಮಾಡುವ ದಿಣ್ಣೆಯಲ್ಲಿ ಇಟ್ಟು ಬಂದರು.

ಆಗ ಊರಿನ ಹಿರಿಯಳೊಬ್ಬಳು, ಸಮಾಧಾನ ಹೇಳಲು ಬಂದವಳು, ಹೇಳಿದ ಮಾತು ಇದು: "ಕೈಬಿಟ್ಟು ಹೋಗೋ ನೆಲ ಸುಮ್ಕೆ ಬಿಡಾಕಿಲ್ಲ ಕಣವ್ವ. ಒಂದು ಜೀವ ತಗೊಂಡೇ ಬಿಡ್ತದೆ. ಆ ಮಣ್ಣೇ ತಿಂತು ನಿನ್ ಮಗೀನ." ಹೆಸರೂ ಗೊತ್ತಿಲ್ಲದ ಆ ಮುದುಕಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಕುಂಟೆಯ ಕೆಟ್ಟ ನೀರು ಕುಡಿದು ಬಂದ ಜ್ವರಕ್ಕೆ ಮಣ್ಣೇನು ಮಾಡೀತು? ಆದರೆ ಎದೆಯೊಡೆದವರ ಕಿವಿಗೆ ಬಿದ್ದ ಮೊದಲ ಮಾತು ಅಲ್ಲೇ ಕೂತುಬಿಡುತ್ತದೆ. ಗೋವಿಂದಮ್ಮ ಆ ಮಾತನ್ನು ಕೇಳಿಸಿಕೊಂಡು ತಲೆಯಾಡಿಸಿದಳಂತೆ. ಅಳಲಿಲ್ಲ. ಅಳು ಬರಲೆಂದು ಹೆಂಗಸರು ಅವಳ ಮುಂದೆ ಮಗುವಿನ ಲಂಗ ಇಟ್ಟರು. ಅವಳು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಅಲ್ಲಿದ್ದವರಿಗೆಲ್ಲ ನೀರು ಕೊಟ್ಟಳು.

ನಮ್ಮ ಕಡೆ ಊರು ಬಿಡುವಾಗ ಗಡಿಯಲ್ಲಿ ಕಾಲು ತೊಳೆದುಕೊಂಡು, ಹಿಂದಿರುಗಿ ನೋಡದೆ ಹೋಗಬೇಕು. ಬಿಟ್ಟ ಊರಿನ ಧೂಳು ಹೊಸ ಮನೆಯ ಹೊಸ್ತಿಲು ದಾಟಬಾರದು. ಮುನಿರಾಜಪ್ಪ ರೋಷದ ಮನುಷ್ಯ. ತನ್ನ ಕಾಲನ್ನಷ್ಟೇ ಅಲ್ಲ, ಎತ್ತಿನ ಗೊರಸು, ಗಾಡಿಯ ಚಕ್ರ, ಗುದ್ದಲಿ, ಮಂಕರಿ ಎಲ್ಲವನ್ನೂ ತೊಳೆದ. "ಮಣ್ಣು ಬೇಕು ಅಂದ್ರಲ್ಲ, ಒಂದು ಚಿಟಿಕೇನೂ ಬಿಡ್ದಂಗೆ ಇಟ್ಕೊಳ್ಳಲಿ" ಎಂದು ಗೊಣಗಿದ. ಗೋವಿಂದಮ್ಮ ಮಗಳ ಗಿಡವನ್ನು ಅಗೆದು ತಂದಿದ್ದಳು. ಅದರ ಬೇರಿನ ತುಂಬ ಆ ಮಣ್ಣು, ಅವಳ ಲೆಕ್ಕದಲ್ಲಿ ಮಗುವನ್ನು ತಿಂದ ಮಣ್ಣು, ಹೆಂಟೆ ಹೆಂಟೆಯಾಗಿ ಕಚ್ಚಿಕೊಂಡಿತ್ತು. ಗಡಿಯ ಕಾಲುವೆಯಲ್ಲಿ ಕೂತು ತೊಳೆದಳು. ಆಮೇಲೆ ಬೂದಿ ನೀರಲ್ಲಿ ಅದ್ದಿದಳು. ಆಮೇಲೆ ಅರಿಶಿನದ ನೀರಲ್ಲಿ. ಮಗುವಿಗೆ ತಲೆಗೆ ನೀರು ಹಾಕುವಾಗ ಬೆರಳಿಂದ ಸಿಕ್ಕು ಬಿಡಿಸುತ್ತಿದ್ದಂತೆ ಬೇರನ್ನು ಬಿಡಿಸಿ ಬಿಡಿಸಿ ಉಜ್ಜಿದಳಂತೆ. ಎಷ್ಟು ಉಜ್ಜಿದರೂ ಮಣ್ಣು ಬಿಡದ ಕಡೆ, ಕೂದಲಿನಂಥ ಸಣ್ಣ ಬೇರುಗಳನ್ನೇ ಕುಡುಗೋಲಿನಿಂದ ಸವರಿಹಾಕಿದಳು. ಕೊನೆಗೆ ಉಳಿದದ್ದು ಹಳದಿ ಬಣ್ಣದ ನಾಲ್ಕು ಬೋಳು ಬೇರು. ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗಾಡಿ ಹತ್ತಿದಳು.

ಬದಲಿಗೆ ಸಿಕ್ಕ ನೆಲ ಬೈಯಪ್ಪನಹಳ್ಳಿಯ ಹತ್ತಿರ, ರೈಲು ಕಂಬಿಯ ಬದಿಗೆ. ಹಿಂದೆ ಅಲ್ಲಿ ಇಟ್ಟಿಗೆ ಗೂಡು ಇತ್ತು. ಮೇಲಿನ ಒಳ್ಳೆಯ ಮಣ್ಣೆಲ್ಲ ಇಟ್ಟಿಗೆಯಾಗಿ ದಂಡಿನ ಬಂಗಲೆಗಳ ಗೋಡೆ ಸೇರಿತ್ತು. ಕೆಳಗಿದ್ದದ್ದು ಬೆಂಕಿ ಕಂಡ ಕೆಂಪು ನೆಲ, ಇಟ್ಟಿಗೆ ಚೂರು, ಬೂದಿ. ಮುನಿರಾಜಪ್ಪ ಅದಕ್ಕೆ ಗಾಡಿಗಟ್ಟಲೆ ಸಗಣಿ ಗೊಬ್ಬರ ಸುರಿದ. ದಂಟು ಹಾಕಿದ, ಬಂತು. ಮೂಲಂಗಿ ಹಾಕಿದ, ತೊಡೆ ಗಾತ್ರ ಬಂತು. ಕೋಸು ಬಂತು. ನಿಂಬೆ ಬೀಜ ಹಾಕಿದ. ನಾಲ್ಕೆಲೆ ಬಿಟ್ಟು, ಮೇಲೂ ಹೋಗದೆ ಕೆಳಗೂ ಹೋಗದೆ ಕೂತವು. ಕಿತ್ತೆಸೆದು ಅಲ್ಲೂ ದಂಟು ಹಾಕಿದ. ಯುದ್ಧದ ದಿನಗಳಲ್ಲಿ ಸೊಪ್ಪು ತರಕಾರಿಗೆ ಗಿರಾಕಿಗಳಿಗೇನೂ ಬರವಿರಲಿಲ್ಲ. ಗೋವಿಂದಮ್ಮ ದಿನಾ ಬುಟ್ಟಿ ಹೊತ್ತು ಹಲಸೂರಿಗೆ, ಕೆಲವು ದಿನ ಈಗ ಶಿವಾಜಿನಗರವೆನ್ನುವ ಕಡೆಗೂ ಹೋಗಿ ಮಾರಿ ಬರುತ್ತಿದ್ದಳು.

ಹೇರಳೆ ಗಿಡ ಗುಡಿಸಲ ಮುಂದೆ ನಿಂತಿತ್ತು. ಸತ್ತೇ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಸಾಯಲಿಲ್ಲ. ಒಂದಷ್ಟು ಎಲೆ ಬಿಟ್ಟಿತು, ಸಣ್ಣವು, ಹಳದಿಗೆ ತಿರುಗಿದವು. ಅಲ್ಲಿಗೆ ನಿಂತಿತು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಮತ್ತೊಂದು ಮಳೆಗಾಲ ಬಂತು. ಗಿಡ ಒಂದು ಗೇಣು ಮೇಲೇಳಲಿಲ್ಲ. ತಂದ ದಿನದಂತೆಯೇ, ಹೋದಾಗ ಆದಿ ಎಷ್ಟೆತ್ತರವಿದ್ದಳೋ ಅಷ್ಟೇ ಇತ್ತು.

ಸಲಹೆ ಕೊಡುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಒಬ್ಬರು ಮೀನು ತೊಳೆದ ನೀರು ಹಾಕು ಎಂದರು. ಒಬ್ಬರು ಹುಳಿ ಮಜ್ಜಿಗೆ ಎಂದರು. ಪಕ್ಕದ ನೆಲದ ವೆಂಕಟಸ್ವಾಮಿ ಬುಡಕ್ಕೆ ಬೇವಿನ ಹಿಂಡಿ ಕೊಟ್ಟ. ನನ್ನ ಅಮ್ಮ ಹಲಸೂರಿನ ಸೋಮೇಶ್ವರನ ಗುಡಿಯಿಂದ ಕುಂಕುಮ ತಂದು ಕಾಂಡಕ್ಕೆ ಹಚ್ಚಿದಳು. ಗೋವಿಂದಮ್ಮ ಯಾವುದಕ್ಕೂ ಬೇಡವೆನ್ನಲಿಲ್ಲ, ಯಾವುದಕ್ಕೂ ಹೂಂ ಎನ್ನಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಹೊರುವ ಮೊದಲು ಗಿಡಕ್ಕೆ ಒಂದು ಚೊಂಬು ನೀರು ಹಾಕಿ, ಅದರ ನೆತ್ತಿಯ ಮೇಲೆ ಒಮ್ಮೆ ಅಂಗೈ ಆಡಿಸಿ ಹೋಗುತ್ತಿದ್ದಳು. ಹೇರಳೆಗೆ ಸೂಜಿಯಂಥ ಮುಳ್ಳಿರುತ್ತದೆ. ಅಂಗೈಯಲ್ಲಿ ರಕ್ತ ಚುಕ್ಕಿಯಿಟ್ಟರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸೊಪ್ಪು ಕೊಳ್ಳುವವರು "ಏನಮ್ಮಾ ಕೈಯಲ್ಲಿ?" ಎಂದರೆ ನೋಡಿಕೊಂಡು ಸೆರಗಿಗೆ ಒರೆಸುತ್ತಿದ್ದಳು.

ಆ ವರ್ಷಗಳು ಅವಳಿಗೆ ಹೇಗಿದ್ದವು ಎಂದು ನಾನು ಅಮ್ಮನನ್ನು ಕೇಳಿದ್ದೇನೆ. ಅಮ್ಮ ಹೇಳಿದ್ದು: "ಅನ್ನ ಇಟ್ರೆ ತಿಂತಿದ್ಳು. ಇಡದಿದ್ರೆ ಕೇಳ್ತಿರ್ಲಿಲ್ಲ. ಹಬ್ಬ ಬಂದ್ರೆ ಹೋಳಿಗೆ ಮಾಡ್ತಿದ್ಳು, ಉಪ್ಪು ಹಾಕಿದ್ಳೋ ಬೆಲ್ಲ ಹಾಕಿದ್ಳೋ ಅವ್ಳಿಗೇ ತಿಳೀತಿರ್ಲಿಲ್ಲ." ಒಮ್ಮೆ ನಿಜಕ್ಕೂ ಹೂರಣಕ್ಕೆ ಉಪ್ಪು ಹಾಕಿದ್ದಳಂತೆ. ನೆಂಟರು ಅದನ್ನು ಇಪ್ಪತ್ತು ವರ್ಷ ಹೇಳಿಕೊಂಡು ನಕ್ಕರು.

ಮೂರನೆಯ ಬೇಸಿಗೆಯಲ್ಲಿ ಗಿಡದ ತುದಿ ಒಣಗತೊಡಗಿತು. ಮೊದಲು ಒಂದು ಕಡ್ಡಿ, ಆಮೇಲೆ ಪಕ್ಕದ್ದು. ಗೋವಿಂದಮ್ಮ ನೀರನ್ನು ಎರಡು ಚೊಂಬು ಮಾಡಿದಳು. ಎಲೆ ಇನ್ನೂ ಉದುರಿತು. ಮಗಳದು ಎಂದು ಆ ಮನೆಯಲ್ಲಿ ಉಳಿದಿದ್ದ ಜೀವ ಅದೊಂದೇ.

ಹಲಸೂರು ಕೆರೆಯ ಆಚೆ ಒಂದು ಬಂಗಲೆಗೆ ಅವಳು ವಾರಕ್ಕೊಮ್ಮೆ ಸೊಪ್ಪು ಕೊಡುತ್ತಿದ್ದಳು. ಅಲ್ಲಿ ಒಬ್ಬ ವಯಸ್ಸಾದ ದೊರೆಸಾನಿ, ಅವಳಿಗೊಂದು ದೊಡ್ಡ ತೋಟ, ತೋಟಕ್ಕೆ ಮುನೀರ್ ಎಂಬ ಮಾಲಿ. ಮುನೀರ್ ಸಾಬರು ಒಳ್ಳೆಯವರು, ಆದರೆ ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ದೊರೆಸಾನಿ ಸೀಮೆಯಿಂದ ತರಿಸಿದ ತೋಟಗಾರಿಕೆಯ ಪುಸ್ತಕ ಓದಿ ಇವರಿಗೆ ಹೇಳುವಳು, ಇವರು ಅದಕ್ಕೆ ತಮ್ಮ ಅಪ್ಪ ಅಜ್ಜ ಹೇಳಿದ್ದನ್ನು ಸೇರಿಸಿ ಸಿಕ್ಕವರಿಗೆಲ್ಲ ಹೇಳುವರು. ಆ ದಿನ ಗೋವಿಂದಮ್ಮ ಸೊಪ್ಪು ಕೊಟ್ಟು ಹೊರಡದೆ ಅಲ್ಲಿನ ನಿಂಬೆ ಮರದ ಮುಂದೆ ನಿಂತುಬಿಟ್ಟಳು. ಮರ ಕಪ್ಪು ಹಸಿರಾಗಿ, ಕಾಯಿ ಜಗ್ಗಿ ನಿಂತಿತ್ತು.

"ಕ್ಯಾ ಗೋವಿಂದಮ್ಮ, ನಿಂಬೆಹಣ್ಣು ಬೇಕಾ?" ಎಂದರು ಮುನೀರ್.

"ನಮ್ಮನೇಲಿ ಒಂದು ಹೇರಳೆ ಐತೆ ಸಾಬ್ರೆ. ಮೂರು ವರ್ಷ ಆಯ್ತು. ಬೆಳೀಲಿಲ್ಲ. ಈಗ ಒಣಗ್ತಾ ಐತೆ."

ಮಗಳು ಹೋದ ಮೇಲೆ ಅವಳು ಹೊರಗಿನವರ ಹತ್ತಿರ ಆಡಿದ ಅತಿ ಉದ್ದದ ಮಾತು ಇದೇ ಇರಬೇಕು ಎಂದು ನನ್ನ ಅಮ್ಮ ಹೇಳುತ್ತಾಳೆ.

ಶುಕ್ರವಾರ ನಮಾಜು ಮುಗಿಸಿ ಮುನೀರ್ ಬೈಯಪ್ಪನಹಳ್ಳಿಗೆ ಬಂದರು. ಮುನಿರಾಜಪ್ಪ ಹಗ್ಗದ ಮಂಚ ಹಾಕಿದ. ಅವರು ಕೂರದೆ ನೇರ ಗಿಡದ ಹತ್ತಿರ ಹೋಗಿ, ಬುಡವನ್ನು ಬೆರಳಿಂದ ಕೆದಕಿ, ಒಂದು ಬೇರನ್ನು ಮೇಲೆತ್ತಿದರು. ಬೇರು ತಂತಿಯ ಹಾಗೆ ಬಂತು, ಒಂದು ಕಣ ಮಣ್ಣೂ ಅಂಟಿರಲಿಲ್ಲ.

"ನೋಡಿ, ಬೋಳು. ಒಳ್ಳೆ ಗಿಡದ ಬೇರು ಎತ್ತಿದ್ರೆ ಮಣ್ಣು ಬಿಡೋದೇ ಇಲ್ಲ, ಮಣಿ ಪೋಣಿಸ್ದಂಗೆ ಹಿಡ್ಕೊಂಡಿರುತ್ತೆ. ಇದನ್ನ ಹೆಂಗೆ ತಂದ್ರಿ ಇಲ್ಲಿಗೆ?"

ಮುನಿರಾಜಪ್ಪ ಗಡಿ, ಕಾಲುವೆ, ಬೂದಿ, ಅರಿಶಿನ, ಕುಡುಗೋಲು ಎಲ್ಲವನ್ನೂ ಹೇಳಿದ. ಮುನೀರ್ ಹಣೆ ಚಚ್ಚಿಕೊಂಡರು.

"ಹಾಲಿಗೆ ಹೆಪ್ಪು ಹಾಕ್ದೆ ಮೊಸರು ಆಗುತ್ತಾ ಅಮ್ಮಾ? ಮಣ್ಣಲ್ಲಿ ಒಂದು ಥರ ಬೂಷ್ಟು ಇರುತ್ತೆ. ನಾವು ರೊಟ್ಟಿ ಮೇಲೆ ನೋಡ್ತೀವಲ್ಲ, ಅದ್ರ ಜಾತಿ, ಆದ್ರೆ ಒಳ್ಳೇದು. ಜೇಡರ ಬಲೆಗಿಂತ ಸಣ್ಣ ಎಳೆ, ಕಣ್ಣಿಗೆ ಕಾಣಲ್ಲ. ನಮ್ಮ ದೊರೆಸಾನಿ ಭೂತಗನ್ನಡಿ ಇಟ್ಟು ತೋರ್ಸಿದ್ರೂ ನಂಗೆ ಕಾಣ್ಲಿಲ್ಲ, ಕಂಡಿತು ಅಂತ ಹೇಳ್ದೆ. ಆ ಎಳೆ ಸಣ್ಣ ಬೇರಿನ ಒಳಗೇ ಮನೆ ಮಾಡುತ್ತೆ. ಬೇರು ಹೋಗಕ್ಕಾಗದ ಸಂದಿಗೆಲ್ಲ ಹೋಗಿ, ಮಣ್ಣಿನ ಸತ್ವ ತಂದು ಗಿಡಕ್ಕೆ ಕೊಡುತ್ತೆ. ಗಿಡ ಎಲೆಯಲ್ಲಿ ಮಾಡಿದ ಸಿಹಿ ತಂದು ಅದಕ್ಕೆ ಕೊಡುತ್ತೆ. ಕೊಡೋದು, ತಗೊಳ್ಳೋದು. ಅದನ್ನ ನೀವು ಪೂರಾ ತೊಳೆದುಬಿಟ್ರಿ. ಈ ನೆಲದಲ್ಲೋ, ಗೂಡಿನ ಬೆಂಕಿಗೆ ಮೊದಲೇ ಏನೂ ಉಳಿದಿಲ್ಲ."

"ಮತ್ತೆ ದಂಟು ಬರ್ತದಲ್ಲ? ಮೂಲಂಗಿ ಬರ್ತದಲ್ಲ?" ಎಂದ ಮುನಿರಾಜಪ್ಪ, ತನ್ನ ನೆಲವನ್ನು ಬೈದರೆಂಬ ಸಿಟ್ಟಿನಲ್ಲಿ.

"ಅವು ಒಂಟಿ ಜೀವಗಳು ಗೌಡ್ರೆ. ದಂಟು, ಮೂಲಂಗಿ, ಕೋಸು, ಇವಕ್ಕೆ ಯಾರ ಹಂಗೂ ಬೇಡ. ನಿಂಬೆ ಜಾತೀದು ಹಂಗಲ್ಲ. ಜೊತೆ ಇಲ್ದಿದ್ರೆ ಹಿಂಗೇ, ಬದುಕೋದೂ ಇಲ್ಲ, ಸಾಯೋದೂ ಇಲ್ಲ."

ಗೋವಿಂದಮ್ಮ ಕೇಳಿದಳು: "ಆ ಮಣ್ಣು ಕೆಟ್ಟದ್ದಲ್ವಾ ಹಂಗಾರೆ?"

"ಯಾವ ಮಣ್ಣು?"

"ನಮ್ಮೂರ ಮಣ್ಣು. ಮಗೂನ ತಿಂತು ಅಂದ್ರು. ಅದಕ್ಕೇ ತೊಳೆದೆ."

ಮುನೀರ್ ಸಾಬರು ಎತ್ತಿದ್ದ ಬೇರನ್ನು ಮತ್ತೆ ಬುಡಕ್ಕೆ ಸೇರಿಸಿ ಮಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: "ಮಣ್ಣು ಯಾರನ್ನೂ ತಿನ್ನಲ್ಲ ತಾಯಿ. ಈ ಗಿಡಕ್ಕೆ ತುತ್ತು ಕೊಡ್ತಾ ಇದ್ದದ್ದು ಅದೇ ಮಣ್ಣು."

"ಹೌದಾ" ಎಂದಳು ಗೋವಿಂದಮ್ಮ. ಒಳಗೆ ಹೋಗಿ ಸಾಬರಿಗೆ ಬೆಲ್ಲ, ನೀರು ತಂದುಕೊಟ್ಟಳು. ಬೇರೆ ಯಾರೇ ಆಗಿದ್ದರೂ ಆ ಮಾತಿಗೆ ಎದೆ ಬಡಿದುಕೊಂಡು ಅಳುತ್ತಿದ್ದರು ಎಂದು ದೊಡ್ಡಪ್ಪ ಹೇಳುತ್ತಿದ್ದ. ಅವನಿಗೆ ಅಂದು ಅವಳ ಮೇಲೆ ಕೋಪವೇ ಬಂತಂತೆ. ಇವಳಿಗೆ ಏನೂ ನಾಟುವುದಿಲ್ಲ, ನೆಂಟರು ಹೇಳುವುದೇ ನಿಜ ಎಂದುಕೊಂಡನಂತೆ.

ಯಾವುದಾದರೂ ಹಳೆಯ ನಿಂಬೆ ಮರದ ಬುಡದ ಮಣ್ಣು, ಸಣ್ಣ ಬೇರುಗಳ ಸಮೇತ, ಒಂದು ಬುಟ್ಟಿ ಹಾಕಿದರೆ ಸಾಕು, ಬಂಗಲೆಯಿಂದ ನಾನೇ ಕೊಡುತ್ತೇನೆ ಎಂದು ಮುನೀರ್ ಹೇಳಿಹೋದರು. ಮುನಿರಾಜಪ್ಪನಿಗೆ ಅದು ರುಚಿಸಲಿಲ್ಲ. ಹಾಕುವುದಾದರೆ ತನ್ನಪ್ಪನ ಹೇರಳೆಯ ಬುಡದ ಮಣ್ಣನ್ನೇ ಹಾಕಬೇಕು. ಮಾರನೆಯ ದಿನ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಕಲ್ಲುಕುಂಟೆಯ ದಾರಿ ಹಿಡಿದ. ಊರು ಬಿಟ್ಟ ಮೇಲೆ ಆ ಕಡೆ ತಲೆ ಹಾಕಿದ್ದು ಅದೇ ಮೊದಲು. ಸಂಜೆ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತ.

"ಮರ ಇಲ್ಲ. ಬಾವಿ ಇಲ್ಲ. ತಂತಿ ಬೇಲಿ ಆಚೆ ಎಲ್ಲಾನೂ ಉರುಳೆ ಹೊಡೆದು ಅಂಗೈ ಮಾಡಿಬಿಟ್ಟವ್ರೆ. ನಮ್ಮನೆ ಎಲ್ಲಿತ್ತು ಅಂತ್ಲೇ ಗೊತ್ತಾಗ್ಲಿಲ್ಲ ಕಣೆ."

"ದಿಣ್ಣೆ?" ಎಂದಳು ಗೋವಿಂದಮ್ಮ.

ಅವನು ಖಾಲಿ ಗೋಣಿಚೀಲ ಮಡಿಸಿ ಪಕ್ಕಕ್ಕಿಟ್ಟ. "ದಿಣ್ಣೇನೂ ಇಲ್ಲ. ಅದ್ರ ಮೇಲೇ ವಿಮಾನ ಓಡ್ತಾವೆ."

ಅವಳು ಒಲೆಯ ಮೇಲಿದ್ದ ಮುದ್ದೆ ತಿರುವಲು ಎದ್ದು ಹೋದಳು. ಮರುದಿನ ಸೊಪ್ಪು ಮಾರಿ ಬರುವಾಗ ಬಂಗಲೆಗೆ ಹೋಗಿ, ಖಾಲಿ ಬುಟ್ಟಿಯ ತುಂಬ ನಿಂಬೆ ಮರದ ಬುಡದ ಮಣ್ಣು ತುಂಬಿಸಿಕೊಂಡು, ತಲೆಯ ಮೇಲೆ ಹೊತ್ತು ಮನೆಯವರೆಗೆ ನಡೆದಳು. ಯಾರದೋ ಬಂಗಲೆಯ ಮಣ್ಣು ಎಂದು ಮುನಿರಾಜಪ್ಪ ಗೊಣಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. ಅವಳೇ ಬುಡ ಬಿಡಿಸಿದಳು, ಬೋಳು ಬೇರುಗಳಿಗೆ ತಾಗುವ ಹಾಗೆ ಆ ಮಣ್ಣು ತುಂಬಿದಳು, ಒಣಗಿದ ಎಲೆ ಮುಚ್ಚಿದಳು, ಕೈ ತೊಳೆಯದೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.

ಏನೂ ಆಗಲಿಲ್ಲ. ಮುಂಗಾರು ಬಂತು. ಯುದ್ಧ ಮುಗಿಯಿತು ಎಂದು ದಂಡಿನಲ್ಲಿ ಬ್ಯಾಂಡು ಬಾರಿಸಿದರು, ಪಟಾಕಿ ಹೊಡೆದರು, ಹಲಸೂರಿನ ಬೀದಿಯಲ್ಲಿ ಸೋಲ್ಜರುಗಳು ಕುಡಿದು ಕುಣಿದರು. ಗೋವಿಂದಮ್ಮ ಆ ಗುಂಪಿನ ನಡುವೆಯೇ ಬುಟ್ಟಿ ಹೊತ್ತು ದಾರಿ ಬಿಡಿಸಿಕೊಂಡು ಬಂದಳು. ಏನು ಗದ್ದಲ ಅಲ್ಲಿ ಎಂದು ಗಂಡ ಕೇಳಿದ್ದಕ್ಕೆ, "ಏನೋ ಮುಗೀತಂತೆ" ಎಂದಳು.

ಮಳೆಗಾಲದ ಕೊನೆಗೆ ಗಿಡದ ಹಳದಿ ಹೋಯಿತು. ಆಮೇಲೆ ಎಲೆ ಅಗಲವಾಯಿತು. ದೀಪಾವಳಿ ಕಳೆದ ಮೇಲೆ ಒಣಗಿದ ತುದಿಯ ಪಕ್ಕದಿಂದ ತಾಮ್ರದ ಬಣ್ಣದ ಚಿಗುರು ಬಂತು. ಮುನಿರಾಜಪ್ಪನ ಸಂತೋಷ ಹೇಳತೀರದು. ಹಲ್ಲು ಕಡಿಯುತ್ತ ಬದುಕುವ ಗಂಡಸು, ದಿನಾ ಬೆಳಿಗ್ಗೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಎಣಿಸುತ್ತಿದ್ದ. ಮುನೀರ್ ಸಾಬರಿಗೆ ಒಂದು ಮಂಕರಿ ಮೂಲಂಗಿ ಹೋಯಿತು. ಅವರು ಬಂಗಲೆಗೆ ಬಂದವರಿಗೆಲ್ಲ ಈ ಕತೆಯನ್ನು ಹೇಳಿ, ಗಿಡವನ್ನು ದಿನಕ್ಕೊಂದು ಗೇಣು ಬೆಳೆಸಿದರು.

ಆದರೆ ಗಿಡ ಮೇಲೇರಲಿಲ್ಲ. ಅಗಲವಾಯಿತು, ದಪ್ಪವಾಯಿತು, ಪಕ್ಕದಲ್ಲೆಲ್ಲ ಕೊಂಬೆ ಬಿಟ್ಟಿತು. ನೆತ್ತಿಯ ಚಿಗುರು ಮಾತ್ರ ಒಂದೆರಡು ದಿನ ಇರುವುದು, ಮೂರನೆಯ ದಿನ ನೋಡಿದರೆ ಮಾಯ. ಹುಳ ಎಂದು ಮುನಿರಾಜಪ್ಪ ಎಲೆ ಎಲೆ ತಿರುವಿ ಹುಡುಕಿದ. ಹುಳ ಇಲ್ಲ. ಹಾಗಾದರೆ ವೆಂಕಟಸ್ವಾಮಿಯ ಮೇಕೆ. ಬೇಲಿಯ ಬಳಿ ನಿಂತು ಮೇಕೆಯ ವಂಶವನ್ನೆಲ್ಲ ಜಾಲಾಡಿದ. ವೆಂಕಟಸ್ವಾಮಿ ಸುಮ್ಮನಿರುತ್ತಾನೆಯೇ? "ನನ್ ಮೇಕೆ ಏಣಿ ಹಾಕ್ಕೊಂಡು ತುದಿ ಮಾತ್ರ ತಿಂತದೇನಯ್ಯಾ? ಕೆಳಗಿರೋ ಎಲೆ ಅದಕ್ಕೆ ಕಹಿಯಾ?" ಎಂದ. ಮಾತು ಅಪ್ಪ ಅಜ್ಜನವರೆಗೆ ಹೋಯಿತು. ಎರಡು ಮನೆಗಳ ನಡುವೆ ಒಲೆಗೆ ಬೆಂಕಿ ಕೊಡುವುದು, ಸಾರು ಕೊಡುವುದು ನಿಂತಿತು.

ಯುಗಾದಿಗೆ ಮುಂಚಿನ ಒಂದು ಬೆಳಿಗ್ಗೆ ಮುನಿರಾಜಪ್ಪ ಮೇಕೆಯನ್ನು ಕೈಯಾರೆ ಹಿಡಿಯಬೇಕೆಂದು ಗೊಬ್ಬರದ ಗುಡ್ಡೆಯ ಹಿಂದೆ ಕೋಲು ಹಿಡಿದು ಕೂತ. ಬಿಸಿಲು ಬಂದಿತ್ತು. ಗೋವಿಂದಮ್ಮ ಚೊಂಬು ಹಿಡಿದು ಹೊರಗೆ ಬಂದಳು. ನೀರು ಹಾಕಿದಳು. ನೆತ್ತಿಯ ಮೇಲೆ ಅಂಗೈ ಇಟ್ಟಳು. ಅಲ್ಲಿ ಮೇಲೆದ್ದಿದ್ದ ಹೊಸ ಚಿಗುರು ಬೆರಳಿಗೆ ತಾಗಿತು. ಅದನ್ನು ಉಗುರಿನಿಂದ ಚಿವುಟಿ ಸೆರಗಿನ ಗಂಟಿಗೆ ಹಾಕಿಕೊಂಡಳು. ಪಕ್ಕದ್ದನ್ನೂ ಚಿವುಟಿದಳು. ಎಲ್ಲ ಒಂದು ಸಮವಾದ ಮೇಲೆ ಮತ್ತೆ ಅಂಗೈ ಆಡಿಸಿದಳು.

ಮುನಿರಾಜಪ್ಪ ಕೋಲು ಬಿಸಾಕಿ ಎದ್ದು ಬಂದ. "ಏ ಗೋವಿಂದಿ! ತಲೆ ಕೆಟ್ಟೈತಾ ನಿಂಗೆ? ಬದುಕ್ಲಿ ಅಂತ ನೀನೇ ಮಣ್ಣು ಹೊತ್ಕೊಂಡು ಬಂದೆ. ಈಗ ನೀನೇ ಚಿವುಟ್ತಾ ಇದೀಯಾ?"

"ಬದುಕ್ಲಿ ಅಂದೆ" ಎಂದಳು ಅವಳು. "ಬೆಳೀಲಿ ಅನ್ನಲಿಲ್ಲ."

"ಬೆಳೀದೆ ಬದುಕೋದು ಅಂದ್ರೆ ಏನೇ? ಮೂರು ವರ್ಷ ಹಂಗೇ ನಿಂತಿದ್ದು ಸಾಲ್ದಾ?"

ಗೋವಿಂದಮ್ಮ ಗಿಡದ ನೆತ್ತಿಯಿಂದ ಕೈ ತೆಗೆಯಲಿಲ್ಲ. ಯಾರಿಗೋ ದಾರಿ ಹೇಳುವಷ್ಟು ನೆಟ್ಟಗಿನ ದನಿಯಲ್ಲಿ ಕೇಳಿದಳು: "ಬೆಳೆದ್ರೆ, ಅವಳ ತಲೆ ಎಲ್ಲಿ ಸವರ್ಲಿ ನಾನು?"

ದೊಡ್ಡಪ್ಪ ಈ ಮಾತನ್ನು ನನಗೆ ಹೇಳಿದಾಗ ಎಂಬತ್ತು ದಾಟಿದ್ದ. ಅಲ್ಲಿಗೆ ನಿಲ್ಲಿಸಿ ಮೂಗು ಒರೆಸಿಕೊಂಡ. ತಾನು ಎಷ್ಟು ದೊಡ್ಡ ದಡ್ಡ ಎಂದು ಆಗ ಗೊತ್ತಾಯಿತಂತೆ. ದಿನಾ ಬೆಳಿಗ್ಗೆ ತನ್ನ ಕಣ್ಣೆದುರಿಗೇ ಅವಳು ಮಗಳ ತಲೆ ಸವರುತ್ತಿದ್ದಳು, ಗಿಡ ನೋಡುತ್ತಿದ್ದಾಳೆ ಎಂದು ತಾನು ಅಂದುಕೊಂಡಿದ್ದನಂತೆ.

ಅವನು ಬೈಯಲಿಲ್ಲ. ಹತ್ತಿರ ಬಂದು, ಗಿಡದ ಮೇಲಿದ್ದ ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದ. ಮುಳ್ಳು ಚುಚ್ಚಿದ ಆ ಅಂಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದ, ಅವಳ ಭುಜದ ಸಮಕ್ಕೆ ತಂದು ನಿಲ್ಲಿಸಿದ.

"ಒಂಬತ್ತು ಆಗಿರೋದು ಅವಳಿಗೆ" ಎಂದ. "ಇಲ್ಲಿಗೆ ಬಂದಿರೋಳು ಈಗ. ಇಲ್ಲಿ ಸವರು."

ಅಲ್ಲಿ ಏನೂ ಇರಲಿಲ್ಲ. ಗೋವಿಂದಮ್ಮ ತನ್ನ ಕೈಯನ್ನು ನೋಡಿದಳು, ಅದರ ಕೆಳಗಿನ ಖಾಲಿಯನ್ನು ನೋಡಿದಳು. ಬೆರಳು ಒಂದು ಸಲ ಆಡಿತು. ಆಮೇಲೆ ಅವಳ ಬಾಯಿಂದ ಬಂದ ಸದ್ದಿಗೆ ಬೇಲಿಯಾಚೆಯಿಂದ ವೆಂಕಟಸ್ವಾಮಿ ಜಗಳ ಮರೆತು ಓಡಿಬಂದ, ಅವನ ಹೆಂಡತಿ ಒದ್ದೆ ಕೈಯಲ್ಲೇ ಬಂದಳು, ಹಲಸೂರಿಗೆ ಹೊರಟಿದ್ದ ಹಾಲಿನವರು ದಾರಿಯಲ್ಲಿ ನಿಂತರು. ಅವಳು ನೆಲಕ್ಕೆ ಕುಸಿದು, ಆ ಹಳ್ಳಿ, ಆ ದಿಣ್ಣೆ, ಆ ಜ್ವರ, ಎಲ್ಲದರ ಹೆಸರೆತ್ತಿ, ನಾಲ್ಕು ವರ್ಷದ್ದನ್ನೆಲ್ಲ ಅತ್ತಳು. ಸಮಾಧಾನ ಮಾಡಲು ಬಂದವರನ್ನು ದೊಡ್ಡಪ್ಪ ದೂರ ನಿಲ್ಲಿಸಿದ. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ಮುಖ ತೊಳೆದುಕೊಂಡು, ಅಂಗೈ ಉರಿಯುತ್ತಿದೆ, ಸ್ವಲ್ಪ ಎಣ್ಣೆ ಕೊಡಿ ಎಂದು ಕೇಳಿದಳು.